ಆಯಿಲ್ ಸೀಲ್ ಹೋದ ಚಳಿಗಾಲ

ಇಲ್ಲಿ ಏನೂ ಬರೆಯದೆ ಎರಡು ತಿಂಗಳ ಮೇಲಾಯ್ತು. ಸೋಮಾರಿತನ ಬಿಟ್ಟರೆ ಬೇರೆ ಕಾರಣ ಇಲ್ಲ. ಮೊನ್ನೆ ಶನಿವಾರ, ಬೆಂಗಳೂರಿಂದ ಹೊಸದಾಗಿ ಬಂದಿರೋ ಗೆಳೆಯನೊಬ್ಬ ಫೋನ್ ಮಾಡಿ, "ಗುರೂ, ಈ ಚಳೀಲಿ ಕಾರನ್ನ ಬೆಳಿಗ್ಗೆ ಎಷ್ಟು ಹೊತ್ತು ಸ್ಟಾರ್ಟ್ ಮಾಡಿ ಇಡಬೇಕು? ನಾನು ಇಪ್ಪತ್ತು ನಿಮಿಷ ಇಡ್ತಿದೀನಿ, ಆಮೇಲೆ ಆಫ್ ಮಾಡಿ ಟ್ರೈನಲ್ಲಿ ಆಫೀಸಿಗೆ ಹೋಗ್ತೀನಿ. ಸಾಕಲ್ವಾ?" ಅಂದ. ಎದೆ ಝಲ್ ಅಂತು. ಅಕ್ಷರಶಃ ಇದನ್ನೇ ನಾನೂ ಮಾಡಿದ್ದೆ. ಅದರ ಕಥೆ ಇಲ್ಲಿ ಯಾವತ್ತೂ ಬರೆದಿರಲಿಲ್ಲ, ಯಾಕೆ ಅಂತ ಓದ್ತಾ ಹೋದ ಹಾಗೆ ನಿಮಗೇ ಗೊತ್ತಾಗುತ್ತೆ.

ನಾವಿರೋದು ಮಿನಿಯಾಪೊಲಿಸ್‌ನಲ್ಲಿ. ಇಲ್ಲಿನ ಚಳಿ ಹೇಗಿರುತ್ತೆ ಅಂದ್ರೆ, ಡೌನ್‌ಟೌನಿನಲ್ಲಿ ಜನ ರಸ್ತೆಗಿಳಿಯದೆ ಓಡಾಡಲಿ ಅಂತ ಕಟ್ಟಡದಿಂದ ಕಟ್ಟಡಕ್ಕೆ ಮಹಡಿ ಮೇಲೇ ಗಾಜಿನ ಸೇತುವೆ ಕಟ್ಟಿದಾರೆ. 2019ರ ಜನವರಿ 30ರ ಬೆಳಿಗ್ಗೆ ಇಲ್ಲಿ ಮೈನಸ್ 28 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 33. ಶಾಲೆಗಳಿಗೆ ರಜ. ಏನೇ ಬಂದರೂ ನಿಲ್ಲಲ್ಲ ಅನ್ನೋ ಅಂಚೆಯವರೂ ಅವತ್ತು ಟಪಾಲು ಹಂಚಲಿಲ್ಲ. ನಾವು ಮೂರು ಜನ, ಅಂದ್ರೆ ನಾನು, ನನ್ನವಳು, ನಾಲ್ಕು ವರ್ಷದ ಮಗಳು, ಮೂರು ದಿನ ಮನೆಯೊಳಗೇ ಉಪ್ಪಿಟ್ಟು, ಬಿಸಿಬೇಳೆಬಾತು ಅಂತ ಕಾಲ ಹಾಕಿದ್ವಿ. ಕಾರು ಮಾತ್ರ ಹೊರಗೆ, ಬಯಲಲ್ಲಿ.

ಬ್ಯಾಟರಿ ಸತ್ತುಹೋದೀತು ಅನ್ನೋ ಭಯ. ನಾಲ್ಕೈದು ಗಂಟೆಗೊಮ್ಮೆ ಕಿಟಕಿ ಹತ್ತಿರ ನಿಂತು ರಿಮೋಟ್ ಒತ್ತಿ ಸ್ಟಾರ್ಟ್ ಮಾಡೋದು, ಹತ್ತು ನಿಮಿಷ ಓಡಿಸಿ ಆಫ್ ಮಾಡೋದು. ದೊಡ್ಡ ಜಾಣತನ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. 31ನೇ ತಾರೀಖು ಹಾಲು ಮುಗಿದು, ಎರಡು ಮೈಲಿ ದೂರದ ಅಂಗಡಿಗೆ ಹೋಗಿ ಬಂದೆ. ಮಾರನೇ ದಿನ ಬೆಳಿಗ್ಗೆ ನನ್ನವಳು ಕಿಟಕಿಯಿಂದಲೇ, "ರೀ, ಕಾರಿನ ಕೆಳಗೆ ಏನದು ಕಪ್ಪಗೆ?" ಅಂದಳು. ಬಿಳೀ ಹಿಮದ ಮೇಲೆ ಒಂದು ಮೊರದಗಲ ಎಣ್ಣೆ. ನಮ್ಮೂರಲ್ಲಾದರೆ ಮಣ್ಣು ಕುಡಿದುಬಿಡ್ತಿತ್ತು, ಇಲ್ಲಿ ಯಾರೋ ಶಾಯಿ ದೌತಿ ಮಗುಚಿದ ಹಾಗಿತ್ತು.

ಬಾನೆಟ್ ಎತ್ತಿ ನೋಡಿದೆ. ಎಣ್ಣೆ ಮಟ್ಟ ನೋಡೋ ಡಿಪ್‌ಸ್ಟಿಕ್ ತನ್ನ ಜಾಗದಿಂದ ಒಂದಿಂಚು ಮೇಲೆದ್ದಿತ್ತು. ನಾನೇ ಹಿಂದೆ ಯಾವಾಗಲೋ ಸರಿಯಾಗಿ ಕೂರಿಸಿಲ್ಲವೇನೋ ಅಂದುಕೊಂಡು ಬೆರಳಲ್ಲಿ ಒತ್ತಿ ಕೂರಿಸಿದೆ. ಎಣ್ಣೆ ಹಾಕೋ ಮುಚ್ಚಳ ಬಿಚ್ಚಿದರೆ ಒಳಗಡೆ ಹಳಸಿದ ಬೆಣ್ಣೆ ಥರ ಹಳದಿ ಲೇಪ. ಅದನ್ನ ಬಟ್ಟೇಲಿ ಒರೆಸಿದೆ. ಗಮನಿಸಿ, ಸಾಕ್ಷಿ ಎರಡನ್ನೂ ನನ್ನ ಕೈಯಾರೆ ಅಳಿಸಿಹಾಕಿದ್ದೆ :-)

ಅವತ್ತು ರಾತ್ರಿ ಅರಸೀಕೆರೆಗೆ ಫೋನ್ ಮಾಡಿದೆ. ಅಲ್ಲಿ ನನ್ನ ಸೋದರಮಾವ ಮೂವತ್ತು ವರ್ಷದ ಮೇಲೆ ಗ್ಯಾರೇಜು ನಡೆಸಿದವರು. ಓದಿದ್ದು ಏಳನೇ ಕ್ಲಾಸು. ಅಂಬಾಸಿಡರ್, ಮೆಟಡೋರ್, ಟ್ರ್ಯಾಕ್ಟರ್, ತೆಂಗಿನಕಾಯಿ ಲಾರಿ, ಏನು ಬಂದರೂ ಕೆಳಗೆ ಮಲಗಿ ನೋಡಿ ರೋಗ ಹೇಳೋರು. ಬೇಸಿಗೆ ರಜದಲ್ಲಿ ಅವರ ಶೆಡ್ಡಿನಲ್ಲಿ ಸ್ಪ್ಯಾನರ್ ಎತ್ತಿಕೊಡೋದೇ ನನ್ನ ಕೆಲಸವಾಗಿತ್ತು. ವಿಷಯ ಹೇಳಿದೆ. ಚಳಿ ಎಷ್ಟು ಅಂತಲೂ ಕೇಳಲಿಲ್ಲ.

"ಡಿಪ್‌ಸ್ಟಿಕ್ ಮೇಲಕ್ಕೆದ್ದಿತ್ತೇನ್ಲಾ?"

ನನಗೆ ಆಶ್ಚರ್ಯ. "ಹೂಂ ಮಾಮ, ಒಂದಿಂಚು ಎದ್ದಿತ್ತು. ನಿಮಗೆ ಹೇಗೆ ಗೊತ್ತಾಯ್ತು?"

"ಗಾಡಿಗೆ ಉಸ್ರು ಕಟ್ಟೈತೆ ಕಣ್ಲಾ. ಬ್ರೀದರ್ ಪೈಪು ಬಿಚ್ಚಿ ನೋಡು ಅನ್ನು ಅವ್ನಿಗೆ. ಸೀಲ್ ಸುಮ್ ಸುಮ್ನೆ ಹೋಗಲ್ಲ. ಹಳೇ ಟ್ರ್ಯಾಕ್ಟರ್ ಬ್ರೀದರ್ ಒಳಗೆ ಕುಂಬಾರ ಹುಳ ಗೂಡು ಕಟ್ಟಿತ್ತು, ನೆನಪಿಲ್ವಾ? ಎರಡು ಸಲ ಸೀಲ್ ಹಾಕುದ್ರೂ ಎರಡು ಸಲಾನೂ ಕಕ್ಕಿತ್ತು."

ನನಗೆ ನಗು ಬಂತು. ಮೈನಸ್ 33ರಲ್ಲಿ ಎಲ್ಲಿಯ ಕುಂಬಾರ ಹುಳ! "ಮಾಮ, ಇದು ಆ ಕಾಲದ ಗಾಡಿ ಅಲ್ಲ. ಟರ್ಬೋ ಎಂಜಿನ್ನು, ಎಲ್ಲಾ ಕಂಪ್ಯೂಟರು, ಏನಾದರೂ ಕಟ್ಟಿದ್ರೆ ಅದೇ ಹೇಳುತ್ತೆ" ಅಂದೆ. "ಸರಿ ಬುಡು, ನಿಂಗೊತ್ತಲ್ಲ" ಅಂದು ಫೋನನ್ನ ಅತ್ತೆ ಕೈಗೆ ಕೊಟ್ಟರು.

ನನ್ನ ತಲೆಯಲ್ಲಿ ಆಗಲೇ ತೀರ್ಮಾನ ಆಗಿಹೋಗಿತ್ತು: ಚಳಿಗೆ ರಬ್ಬರ್ ಗಟ್ಟಿಯಾಗಿ ಸೀಲ್ ಬಿರಿದಿದೆ. ಇದಕ್ಕೆ ಕಾರಣ ಇಂಜಿನಿಯರಿಂಗ್ ಓದುವಾಗ ಕೇಳಿದ ಚಾಲೆಂಜರ್ ಕಥೆ. 1986ರ ಜನವರಿ 28ರಂದು ಆ ನೌಕೆ ಸಿಡಿದು ಏಳು ಜನ ಸತ್ತರಲ್ಲ, ಆಮೇಲೆ ವಿಚಾರಣೆಯಲ್ಲಿ ರಿಚರ್ಡ್ ಫೈನ್‌ಮನ್ ಓ-ರಿಂಗಿನ ರಬ್ಬರ್ ತುಂಡೊಂದನ್ನ ಚಿಮಟದಲ್ಲಿ ಅದುಮಿ, ಐಸು ಹಾಕಿದ ನೀರಿನ ಲೋಟದಲ್ಲಿ ಅದ್ದಿ, ಚಳಿಯಲ್ಲಿ ಅದು ಚಟ್ಟನೆ ಮೊದಲಿನ ಆಕಾರಕ್ಕೆ ಬರಲ್ಲ ಅಂತ ಎಲ್ಲರೆದುರು ತೋರಿಸಿದರು. ವೈಟಾನ್ ಅನ್ನೋ ಆ ಜಾತಿ ರಬ್ಬರನ್ನೇ ಎಷ್ಟೋ ಕಾರಿನ ಸೀಲುಗಳಲ್ಲೂ ಬಳಸ್ತಾರೆ. ಹಾಗಾಗಿ ನನ್ನ ಊಹೆ ಪೂರ್ತಿ ತಪ್ಪೇನಲ್ಲ. ಸೀಲಿನ ತುಟಿ ಸದಾ ತಿರುಗೋ ಕ್ರ್ಯಾಂಕ್‌ಶಾಫ್ಟಿಗೆ ಅಂಟಿಕೊಂಡಿರಬೇಕು, ಗಡ್ಡೆಕಟ್ಟಿದ ಚಳೀಲಿ ಅದು ಬಾಗಲ್ಲ, ಮೊದಲ ಕೆಲವು ಸುತ್ತು ಎಣ್ಣೆ ಜಿನುಗುತ್ತೆ. ಆದರೆ ಜಿನುಗೋದು ಬೇರೆ, ಒಂದು ಮೊರದಷ್ಟು ಕಕ್ಕೋದು ಬೇರೆ. ಏಳನೇ ಕ್ಲಾಸಿನ ಮಾಮನಿಗೆ ಗೊತ್ತಿದ್ದ ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ.

ಟೋ ಗಾಡಿಯವರು ಕಾರನ್ನ ಎಳೆದುಕೊಂಡು ಹೋದರು. ಗ್ಯಾರೇಜಿನ ಕೌಂಟರಿನಲ್ಲಿ ಇಸ್ತ್ರಿ ಅಂಗಿಯ ಹುಡುಗ, ಕೈಯಲ್ಲಿ ಟ್ಯಾಬ್ಲೆಟ್ಟು. "ರೇರ್ ಮೇನ್ ಸೀಲ್ ಹೋಗಿದೆ" ಅಂದ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿ ಕೂತಿರೋ ಬಳೆಯಂಥ ಸೀಲು. ಸಾಮಾನು ಮೂವತ್ತು ಡಾಲರಿಂದು, ಆದರೆ ಅದರ ಹತ್ತಿರ ಹೋಗಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಒಟ್ಟು 1140 ಡಾಲರ್ ಬಿಲ್ಲು.

ಆಗ ಒಂದೇ ಒಂದು ಮಾತು ಹೇಳಬಹುದಿತ್ತು: ಬ್ರೀದರ್ ಪೈಪನ್ನೂ ಸ್ವಲ್ಪ ನೋಡಿ. ಹೇಳಲಿಲ್ಲ. ಮರೆತಿದ್ದೆ ಅಂತ ನನ್ನವಳ ಹತ್ತಿರ ಹೇಳಿದ್ದು ಸುಳ್ಳು. ನಾಚಿಕೆ ಆಯ್ತು. ಭಾರತದಲ್ಲಿ ನಮ್ಮ ಮಾವ ಒಬ್ಬರಿದಾರೆ, ಹಿಮ ಅನ್ನೋದನ್ನೇ ನೋಡಿಲ್ಲ, ಅವರು ಫೋನಲ್ಲಿ ಹೀಗಂದರು ಅಂತ ಆ ಹುಡುಗನ ಮುಂದೆ ಹೇಗೆ ಹೇಳೋದು? ಹಲ್ಲು ಕಿರಿದು ಕಾರ್ಡು ಉಜ್ಜಿ ಬಂದೆ.

ಫೆಬ್ರವರಿ ಪೂರ್ತಿ ಹಿಮವೋ ಹಿಮ. ಆ ತಿಂಗಳು ಇಲ್ಲಿ ಬಿದ್ದದ್ದು 39 ಇಂಚು, ಫೆಬ್ರವರಿಯ ಮಟ್ಟಿಗೆ ದಾಖಲೆ. ಓಡಾಟ ಅಂದ್ರೆ ಡೇಕೇರ್‌ಗೆ ಒಂದೂವರೆ ಮೈಲಿ, ರೈಲ್ವೆ ಸ್ಟೇಷನ್ನಿಗೆ ಅರ್ಧ ಮೈಲಿ. ಎಂಜಿನ್ ಬಿಸಿಯಾಗೋ ಹೊತ್ತಿಗೆ ಆಫ್.

ಮಾರ್ಚ್ ಶುರುವಿನ ಒಂದು ಬೆಳಿಗ್ಗೆ ಮಗಳನ್ನ ಹಲ್ಲಿನ ಡಾಕ್ಟರ ಹತ್ತಿರ ಕರಕೊಂಡು ಹೊರಟಿದ್ದೆ. ಡ್ಯಾಶ್‌ಬೋರ್ಡ್ ಮೈನಸ್ 6 ಫ್ಯಾರನ್‌ಹೀಟ್ ಅಂತಿತ್ತು, ಸೆಲ್ಸಿಯಸ್‌ನಲ್ಲಿ ಮೈನಸ್ 21. 494ನೇ ಹೆದ್ದಾರಿ ಹತ್ತಿ ಜೋರಾಗಿ ಆಕ್ಸಿಲರೇಟರ್ ತುಳಿದೆ. ಎರಡು ಮೈಲಿ ಹೋಗಿರಬೇಕು, ಕೆಂಪು ದೀಪ. ಎಣ್ಣೆ ಕುಡಿಕೆಯ ಚಿತ್ರ ಇರುತ್ತಲ್ಲ, ಅದು.

ಮಾಮ ಚಿಕ್ಕಂದಿನಲ್ಲಿ ಕಲಿಸಿದ ಪಾಠಗಳಲ್ಲಿ ನಂಬರ್ ಒನ್: ಕೆಂಪು ದೀಪ ಬಂತಾ, ಎಲ್ಲಿದ್ದರೆ ಅಲ್ಲೇ ಎಂಜಿನ್ ಆಫ್. ಕೈ ಬಟನ್ನಿನ ಮೇಲೇ ಇತ್ತು. ಕನ್ನಡಿಯಲ್ಲಿ ನೋಡಿದರೆ ಮಗಳು ಸೀಟಿನಲ್ಲಿ ಕೂತಿದಾಳೆ. ಆ ಸೀಟಿನ ಬೆಲ್ಟು ದಪ್ಪ ಜಾಕೆಟ್ ಮೇಲೆ ಸರಿಯಾಗಿ ಕೂರಲ್ಲ ಅಂತ ಜಾಕೆಟ್ ಬಿಚ್ಚಿ ಪಕ್ಕಕ್ಕಿಟ್ಟಿದ್ದೆ. ಪಕ್ಕದಲ್ಲಿ ಲಾರಿಗಳು ರೊಯ್ಯನೆ ಹೋಗ್ತಿವೆ, ರಸ್ತೆ ಅಂಚಿನಲ್ಲಿ ಎದೆಯೆತ್ತರ ಹಿಮದ ಗುಡ್ಡೆ. ಆಫ್ ಮಾಡಿದರೆ ಹೀಟರೂ ಆಫ್. ಮಾಡದಿದ್ದರೆ ಎಂಜಿನ್ ಸಾಯುತ್ತೆ. ಮುಂದಿನ ಎಕ್ಸಿಟ್ ಮುಕ್ಕಾಲು ಮೈಲಿ.

ಆಫ್ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಮುಂದಿನಿಂದ ಕಟ್, ಕಟ್, ಕಟ್ ಅಂತ ಶುರುವಾಯ್ತು. "ಅಪ್ಪಾ, ಯಾರೋ ಬಾಗಿಲು ತಟ್ತಿದಾರೆ" ಅಂದಳು. ಎಕ್ಸಿಟ್ ಇಳಿದು ಒಂದು ಪೆಟ್ರೋಲ್ ಬಂಕಿಗೆ ನುಗ್ಗಿಸಿ ನಿಲ್ಲಿಸಿದೆ, ಅಷ್ಟರಲ್ಲಿ ತಾನಾಗೇ ನಿಂತಿತ್ತು. ಮಗಳನ್ನ ಎತ್ತಿಕೊಂಡು ಒಳಗೆ ಓಡಿದೆ. ಬಂಕಿನವನು ಅವಳಿಗೆ ಹಾಟ್ ಚಾಕೊಲೇಟ್ ಕೊಟ್ಟ, ದುಡ್ಡು ತಗೊಳ್ಳಲಿಲ್ಲ. ನನ್ನ ಕಾಲು ನಡುಗ್ತಿದ್ದದ್ದು ಚಳಿಗಲ್ಲ.

ಆ ಬಂಕಿಗೆ ಅಂಟಿಕೊಂಡೇ ಎರಡು ಕಾರು ಹಿಡಿಸೋ ಸಣ್ಣ ಗ್ಯಾರೇಜು. ಮಾಮನಷ್ಟೇ ವಯಸ್ಸಾದ ಒಬ್ಬ ಮೆಕ್ಯಾನಿಕ್ ಹೊರಗೆ ಬಂದ. ಈ ಸಲ ಬಾಯಿಬಿಟ್ಟು ಎಲ್ಲಾ ಹೇಳಿದೆ, ಅರಸೀಕೆರೆ, ಟ್ರ್ಯಾಕ್ಟರು, ಹುಳ, ಎಲ್ಲಾ. ಆತ ನಗಲಿಲ್ಲ. "ಒಳಗೆ ತಳ್ಳೋದು ಬೇಡ, ಇಲ್ಲೇ ನೋಡೋಣ" ಅಂದು ಆ ಗಾಳೀಲೇ ಬಾನೆಟ್ ಎತ್ತಿ, ಟರ್ಬೋಗೆ ಗಾಳಿ ಹೋಗೋ ದೊಡ್ಡ ಕೊಳವೆಗೆ ಸೇರಿಕೊಳ್ಳೋ ಬೆರಳು ದಪ್ಪದ ಪೈಪೊಂದನ್ನ ಕಿತ್ತ. ಕೊಡವಿದರೆ ಒಳಗಿಂದ ಮೋಂಬತ್ತಿಯಂಥ ಐಸಿನ ಕಡ್ಡಿ ಜಾರಿ ಅವನ ಗ್ಲೌಸಿನ ಮೇಲೆ ಬಿತ್ತು. ಕಂದು ಬಣ್ಣ, ಪೆಟ್ರೋಲ್ ವಾಸನೆ.

ಆತ ವಿವರಿಸಿದ್ದನ್ನ, ಆಮೇಲೆ ನಾನು ಓದಿಕೊಂಡದ್ದನ್ನ ಸೇರಿಸಿ ಹೇಳ್ತೀನಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತೆ, ಆವಿಯಾಗಿ. ಬಹುಪಾಲು ಸೈಲೆನ್ಸರಿಂದ ಹೋಗುತ್ತೆ, ಸ್ವಲ್ಪ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗೆ ನುಸುಳಿ ಎಣ್ಣೆ ಇರೋ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತೆ. ಆ ಹೊಗೆ, ಆವಿ ಎಲ್ಲ ಹೊರಗೆ ಹೋಗಲೇಬೇಕು. ಹಿಂದೆ ಅದನ್ನ ಒಂದು ಪೈಪಲ್ಲಿ ಸೀದಾ ರಸ್ತೆಗೆ ಬಿಡ್ತಿದ್ರು. ಹೊಗೆಮಂಜಿನ ಕಾಟದಿಂದ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾಡೆಲ್ ಕಾರುಗಳಿಂದ ಅದನ್ನ ವಾಪಸ್ ಎಂಜಿನ್ನಿಗೇ ಕುಡಿಸೋ ಪದ್ಧತಿ ಬಂತು, ಪಿಸಿವಿ ಅಂತಾರೆ. ಒಳ್ಳೇದೇ. ಆದರೆ ಬಿಸಿ, ಒದ್ದೆ ಉಸಿರು ಮೈನಸ್ ಮೂವತ್ತರ ಗಾಳಿಯನ್ನ ಸಂಧಿಸೋ ಮೂಲೇಲಿ ಅದು ಮಂಜುಗಡ್ಡೆ ಕಟ್ಟಬಹುದು. ಎಂಜಿನ್ ಎಣ್ಣೆ ಚೆನ್ನಾಗಿ ಕಾದರೆ ಅದರಲ್ಲಿ ಸೇರಿದ ನೀರು ಹಾರಿಹೋಗುತ್ತೆ. ಹತ್ತು ನಿಮಿಷ ಓಡಿಸಿ ಆಫ್ ಮಾಡಿದರೆ? ನೀರು ಹುಟ್ಟುತ್ತೆ, ಹೋಗಲ್ಲ. ಅಂದ್ರೆ ಆ ಮೂರು ದಿನ ನಾನು ಕಿಟಕಿಯಿಂದ ರಿಮೋಟ್ ಒತ್ತಿ ಒತ್ತಿ ಕಾರಿಗೆ ನೀರು ಕುಡಿಸ್ತಿದ್ದೆ. ಮುಚ್ಚಳದ ಬೆಣ್ಣೆ ಅಂದ್ರೆ ಎಣ್ಣೆ ನೀರು ಕಡೆದದ್ದು.

ಪೈಪು ಮುಚ್ಚಿತು, ಒತ್ತಡ ಏರಿತು. ಟರ್ಬೋ ಎಂಜಿನ್ನಲ್ಲಿ ಜೋರಾಗಿ ತುಳಿದಾಗ ಕೆಳಗೆ ನುಸುಳೋ ಗಾಳಿಯೂ ಹೆಚ್ಚು. ಮೊದಲು ಡಿಪ್‌ಸ್ಟಿಕ್ ಮೇಲೇಳುತ್ತೆ. ಅದೂ ಸಾಲದಾದರೆ ಎಲ್ಲಿ ಬಿಗಿ ಕಡಿಮೆಯೋ ಅಲ್ಲಿಂದ, ಸೀಲನ್ನ ತಳ್ಳಿ, ಎಣ್ಣೆ ಸಮೇತ ಹೊರಗೆ. ಈಗ ಕೆಲವು ಕಾರುಗಳಲ್ಲಿ ಆ ಪೈಪಿಗೇ ಸಣ್ಣ ವಿದ್ಯುತ್ ಹೀಟರ್ ಕೊಡ್ತಾರೆ. ನನ್ನದರಲ್ಲಿ ಇರಲಿಲ್ಲ.

ಮೊದಲ ಗ್ಯಾರೇಜಿನವರಿಗೆ ಯಾಕೆ ಸಿಗಲಿಲ್ಲ ಅಂತ ಕೇಳಿದೆ. "ಅವರ ಶೆಡ್ಡು ಬೆಚ್ಚಗಿರುತ್ತಲ್ಲ" ಅಂದ. ಕಾರು ಒಳಗೆ ಹೋಗಿ ಸ್ವಲ್ಪ ಹೊತ್ತಾದರೆ ಐಸು ಕರಗಿ ಹರಿದಿರುತ್ತೆ, ಪೈಪು ನೋಡಿದರೆ ಖಾಲಿ. ಉಳಿಯೋದು ಹರಿದ ಸೀಲು ಮಾತ್ರ. ಹಾಗಾಗಿ ಅವರನ್ನ ಬೈಯೋದಕ್ಕೂ ಬಾಯಿಲ್ಲ. ಹೇಳಬೇಕಾದ ಸುಳಿವು ಇದ್ದದ್ದು ನನ್ನ ಹತ್ತಿರ.

ಬೇರಿಂಗುಗಳು ಹೋಗಿದ್ದವು. ಬೇರೆ ಎಂಜಿನ್ ಕೂರಿಸೋ ಖರ್ಚು ಕಾರಿನ ಬೆಲೆಗಿಂತ ಜಾಸ್ತಿ. ಗುಜರಿಗೆ 600 ಡಾಲರಿಗೆ ಹೋಯ್ತು.

ಮಾಮನಿಗೆ ಫೋನ್ ಮಾಡೋಕೆ ನಾಲ್ಕು ದಿನ ಬೇಕಾಯ್ತು. ಎಲ್ಲಾ ಕೇಳಿಸಿಕೊಂಡರು. ನಾ ಹೇಳಿರಲಿಲ್ವಾ ಅಂತಾರೆ ಅಂತ ಕಾಯ್ತಿದ್ದೆ. "ದೀಪ ಬಂದ ಮೇಲೂ ಓಡಿಸಿದ್ಯಾ?" ಅಂದರು. "ಹೂಂ ಮಾಮ, ಮಗು ಇತ್ತು." ಸ್ವಲ್ಪ ಹೊತ್ತು ಮಾತಿಲ್ಲ. "ಎಂಜಿನ್ ಹೋಗ್ಲಿ ಬುಡ್ಲಾ. ಆ ಐಸು ಯಾವ್ ಬಣ್ಣ ಇತ್ತು ಅಂದೆ?" ಮತ್ತೆ ಮತ್ತೆ ಕೇಳಿದರು. ಎಷ್ಟುದ್ದ, ಯಾವ ಕಡೆ ತುದೀಲಿ, ವಾಸನೆ ಹೇಗಿತ್ತು. ಅರ್ಧ ಗಂಟೆ. ಮಾರನೇ ದಿನ ಶೆಡ್ಡಿನ ಹುಡುಗರಿಗೆಲ್ಲ ಹೇಳಿರಬೇಕು, ಯಾಕಂದ್ರೆ ಮುಂದಿನ ಸಲ ಊರಿಗೆ ಹೋದಾಗ ಒಬ್ಬ ಹುಡುಗ, "ಅಣ್ಣಾ, ನಿಮ್ಮೂರಲ್ಲಿ ಬ್ರೀದರ್‌ಗೆ ಐಸ್ ಕಟ್ತದಂತೆ ನಿಜಾನಾ?" ಅಂತ ಕೇಳಿದ.

ಈ ಶನಿವಾರ ಗೆಳೆಯನ ಮನೆಗೆ ಹೋಗಿ ಬಾನೆಟ್ ಎತ್ತಿಸಿದೆ. ಡಿಪ್‌ಸ್ಟಿಕ್ ಕೂತಿತ್ತು, ಆದರೆ ಮುಚ್ಚಳದೊಳಗೆ ಬೆಣ್ಣೆ ರೆಡಿಯಾಗಿತ್ತು. ಬುಕ್ ನೋಡಿ ಎಣ್ಣೆ ಯಾವುದು ಅಂತ ಖಾತ್ರಿ ಮಾಡಿಕೊಂಡ್ವಿ, 0ಡಬ್ಲ್ಯು-20 (ಡಬ್ಲ್ಯು ಅಂದ್ರೆ ವಿಂಟರ್, ಮಾಮನ ಶೆಡ್ಡಿನ 20ಡಬ್ಲ್ಯು-40 ಇಲ್ಲಿ ಬೆಲ್ಲದ ಪಾಕ ಆಗಿಬಿಡುತ್ತೆ). ನಿಂತಲ್ಲೇ ಇಪ್ಪತ್ತು ನಿಮಿಷ ಬೇಡ, ಒಂದೆರಡು ನಿಮಿಷ ಸಾಕು, ನಿಧಾನಕ್ಕೆ ಹೊರಡು, ವಾರಕ್ಕೆರಡು ಸಲವಾದರೂ ಅರ್ಧ ಮುಕ್ಕಾಲು ಗಂಟೆ ಓಡಿಸು ಅಂದೆ. ಆಮೇಲೆ ಇಬ್ಬರೂ 35ಡಬ್ಲ್ಯು ಹೆದ್ದಾರೀಲಿ ದಕ್ಷಿಣಕ್ಕೆ ಮುಕ್ಕಾಲು ಗಂಟೆ ಸುಮ್ಮನೆ ಹೋಗಿ, ಕಾಫಿ ಕುಡಿದು ಬಂದ್ವಿ.

ಕೆನಡಾ, ಸ್ವೀಡನ್ ಕಡೆ ಇರೋರು ಕೆಲವರು ಇಲ್ಲಿ ಓದ್ತೀರ ಅಂತ ಗೊತ್ತು. ಅಲ್ಲಿ ಪಾರ್ಕಿಂಗಿನಲ್ಲೇ ಪ್ಲಗ್ಗು ಇರುತ್ತಂತೆ, ರಾತ್ರಿಯೆಲ್ಲ ಎಂಜಿನ್ನಿಗೆ ಹೀಟರ್ ಹಾಕಿಡ್ತಾರಂತೆ. ಅದನ್ನ ಹಾಕಿದರೂ ಬ್ರೀದರ್ ಕಟ್ಟುತ್ತಾ? ಗೊತ್ತಿದ್ದೋರು ಬರೀರಿ, ಮಾಮ ಕೇಳ್ತಿದಾರೆ.