ಜೀವಕೋಶಕ್ಕೂ ಬುತ್ತಿ ಬೇಕು

ಕಳೆದ ದೀಪಾವಳಿಗೆ ನಮ್ಮ ಮಗಳು ಹಾನಗಲ್ಲಿಗೆ ಬರಲಿಲ್ಲ. ಫೋನಿನಲ್ಲಿ ಅವಳು ಹೇಳಿದ ಕಾರಣ ಕೇಳಿ ಮನೆಯವರೆಲ್ಲ ನಕ್ಕೆವು.

"ಅವ್ವಾ, ಜೀವಕೋಶಗಳಿಗೆ ಊಟ ಹಾಕಬೇಕು. ಎರಡು ಮೂರು ದಿನಕ್ಕೊಮ್ಮೆ ಹಾಕದಿದ್ರ ಸಾಯ್ತಾವು."

"ಎಮ್ಮಿ ಕಟ್ಟಿದವ್ರು ಊರು ಬಿಡಾಕ ಆಗೂದಿಲ್ಲ ಅಂತಾರ. ನಿಂದೂ ಹಂಗ ಆತಲ್ಲ!" ಎಂದಳು ನನ್ನ ಹೆಂಡತಿ.

ಅವಳು ನಗುತ್ತಲೇ ಇದ್ದಳು. ಆದರೆ ತೊಡೆಯ ಮೇಲೆ ಸುಮ್ಮನೆ ಇಟ್ಟಿದ್ದ ಬಲಗೈ ನಡುಗುತ್ತಿತ್ತು. ನಾಲ್ಕು ವರ್ಷದಿಂದ ಅವಳಿಗೆ ಪಾರ್ಕಿನ್ಸನ್ ಕಾಯಿಲೆ. ಮದುವೆಯಾದಾಗಿನಿಂದ ಪ್ರತಿ ಹಬ್ಬಕ್ಕೂ ಹೋಳಿಗೆ ತಟ್ಟಿದ ಕೈ ಅದು. ಈ ಸಲ ತಟ್ಟಿದ್ದು ಸೊಸೆ. ಏಳನೇ ತರಗತಿಯ ಮೊಮ್ಮಗ ಕೊಬ್ಬರಿ ಹೋರಿ ನೋಡಲು ಓಡಿಹೋದ ಮೇಲೆ ಮನೆ ಒಮ್ಮೆಲೇ ಮೌನವಾಯಿತು.

ಮಗಳು ಬಂದದ್ದು ಹಬ್ಬ ಕಳೆದು ಹದಿನೈದು ದಿನಕ್ಕೆ. ಅವಳು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನರಕೋಶಗಳನ್ನು ಬೆಳೆಸುತ್ತಾಳೆ. ಮೊಮ್ಮಗ ಬಿಡಲಿಲ್ಲ. "ಅತ್ತಿ, ನಿನ್ನ ಜೀವಕೋಶ ಏನ್ ಉಣ್ತಾವು? ರೊಟ್ಟಿನಾ?"

ಅವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಕಿರುಬೆರಳಿನ ತುದಿಯಷ್ಟು ಪುಟ್ಟ ಶೀಶೆ. ಒಳಗೆ ಏನೂ ಇದ್ದಂತೆ ಕಾಣಲಿಲ್ಲ.

"ಸಕ್ಕರಿ, ಉಪ್ಪು ಎಲ್ಲಾ ಇರೋ ಕೆಂಪು ನೀರು ಬ್ಯಾರೆ ಐತಿ. ಅದರ ಜೊತಿಗೆ ಇದೂ ಬೇಕು. ಇದೊಂದು ಪ್ರೋಟೀನ್. ನರಕೋಶಕ್ಕ ಇದು ಹೊಟ್ಟಿ ತುಂಬಾ ಊಟ ಅಲ್ಲ. 'ನೀ ಬೇಕು, ಇರು' ಅಂತ ಹೇಳೋ ಸುದ್ದಿ. ಆ ಸುದ್ದಿ ಬರದಿದ್ರ ಕೆಲವು ನರಕೋಶ ತಾವ ಸಾಯ್ತಾವು."

ಈ ಸಂಗತಿ ಕಂಡುಹಿಡಿದದ್ದು ಹೇಗೆ ಎಂಬ ಕಥೆ ಮಕ್ಕಳು ಕೇಳಬೇಕಾದದ್ದು. ಇಟಲಿಯ ಟ್ಯೂರಿನ್ ನಗರದಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಎಂಬ ವೈದ್ಯೆ ಇದ್ದರು. 1938ರಲ್ಲಿ ಮುಸೊಲಿನಿಯ ಸರ್ಕಾರ ಯಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿತು. ರೀಟಾ ಸುಮ್ಮನೆ ಕೂರಲಿಲ್ಲ. ತಮ್ಮ ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಮಾಡಿಕೊಂಡರು. ಹೊಲಿಗೆ ಸೂಜಿಗಳನ್ನು ಮಸೆದು ಉಪಕರಣ ಮಾಡಿಕೊಂಡು, ಕೋಳಿಮೊಟ್ಟೆಯೊಳಗಿನ ಭ್ರೂಣದ ನರಗಳನ್ನು ಪರೀಕ್ಷಿಸಿದರು. ಬಾಂಬು ಬೀಳತೊಡಗಿದಾಗ ಹಳ್ಳಿಗೆ ಹೋದರು. ಅಲ್ಲಿಯೂ ರೈತರ ಮನೆಗಳಿಂದ ಮೊಟ್ಟೆ ತಂದು ಕೆಲಸ ಮುಂದುವರಿಸಿದರು.

ಭ್ರೂಣದಲ್ಲಿ ಬೇಕಾದುದಕ್ಕಿಂತ ಹೆಚ್ಚು ನರಕೋಶಗಳು ಹುಟ್ಟುತ್ತವೆ. ಪ್ರತಿಯೊಂದೂ ತನ್ನ ಉದ್ದನೆಯ ಎಳೆಯನ್ನು ಚರ್ಮಕ್ಕೋ ಸ್ನಾಯುವಿಗೋ ಚಾಚುತ್ತದೆ. ಆ ತುದಿಯಲ್ಲಿ ಅದಕ್ಕೆ ಸ್ವಲ್ಪ ಪ್ರೋಟೀನ್ ಸಿಗುತ್ತದೆ. ಸಿಕ್ಕವು ಉಳಿಯುತ್ತವೆ, ಸಿಗದವು ಅಳಿಯುತ್ತವೆ. ಬುತ್ತಿ ಎಲ್ಲರಿಗೂ ಸಾಲುವಷ್ಟು ಇರುವುದಿಲ್ಲ. ಯುದ್ಧದ ನಂತರ ಅಮೆರಿಕಕ್ಕೆ ಹೋದ ರೀಟಾ, ಸ್ಟ್ಯಾನ್ಲಿ ಕೊಹೆನ್ ಅವರೊಂದಿಗೆ ಸೇರಿ ಇಂಥ ಮೊದಲ ಪ್ರೋಟೀನನ್ನು 1950ರ ದಶಕದಲ್ಲಿ ಗುರುತಿಸಿದರು. ಅದಕ್ಕೆ 'ನರ ಬೆಳವಣಿಗೆ ಅಂಶ' ಎಂದು ಹೆಸರು. 1986ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ರೀಟಾ 103 ವರ್ಷ ಬದುಕಿದ್ದರು.

"ಆ ಶೀಶೆಯೊಳಗ ಎಷ್ಟ್ ಐತಿ?" ಮೊಮ್ಮಗನ ಮುಂದಿನ ಪ್ರಶ್ನೆ.

"ಹತ್ತು ಮೈಕ್ರೋಗ್ರಾಂ. ಒಂದು ಜೋಳದ ಕಾಳನ್ನ ಮೂರು ಸಾವಿರ ಚೂರು ಮಾಡಿದ್ರ, ಹೆಚ್ಚುಕಮ್ಮಿ ಒಂದು ಚೂರಿನಷ್ಟು."

ಇಷ್ಟು ಪಡೆಯುವುದೂ ಹಿಂದೆ ಕಷ್ಟವಾಗಿತ್ತು. 1982ರಲ್ಲಿ ಜರ್ಮನಿಯ ವಿಜ್ಞಾನಿಗಳು ಒಂದೂವರೆ ಕಿಲೋ ಹಂದಿ ಮೆದುಳಿನಿಂದ ಇಂಥ ಮತ್ತೊಂದು ಪ್ರೋಟೀನನ್ನು ತೆಗೆದಾಗ ಸಿಕ್ಕಿದ್ದು ಸುಮಾರು ಒಂದು ಮೈಕ್ರೋಗ್ರಾಂ. ಅದೇ ಬಿಡಿಎನ್‌ಎಫ್. ಈಗ ಆ ಪ್ರೋಟೀನ್ ತಯಾರಿಸಲು ಬೇಕಾದ ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸುತ್ತಾರೆ. ಗಿರಮಿಟ್ ಮಾಡುವ ಚೀಟಿಯನ್ನು ಪರದೇಶದ ಅಡುಗೆಯವನ ಪುಸ್ತಕದಲ್ಲಿ ಇಟ್ಟಂತೆ. ಅವನಿಗೆ ಗಿರಮಿಟ್ ಎಂದರೇನೆಂದು ಗೊತ್ತಿಲ್ಲ, ಆದರೂ ಚೀಟಿ ಓದಿ ಮಾಡುತ್ತಾನೆ. ಹೀಗೆ ತಯಾರಾದದ್ದೇ ರೀಕಾಂಬಿನೆಂಟ್ ಪ್ರೋಟೀನ್. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ ಇಂಥದೇ.

ಇದನ್ನೆಲ್ಲ ಕೇಳುತ್ತ ನನ್ನ ಮನಸ್ಸು ಬೇರೆಲ್ಲೋ ಓಡುತ್ತಿತ್ತು. ಪಾರ್ಕಿನ್ಸನ್ ಎಂದರೆ ಮೆದುಳಿನ ನಡುಭಾಗದ ಒಂದು ಕಪ್ಪು ಚುಕ್ಕೆಯಂಥ ಜಾಗದಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳು ಸಾಯುವುದು. ಸಾಯುವ ನರಕೋಶವನ್ನು ಉಳಿಸುವ ಪ್ರೋಟೀನ್ ಮಗಳ ಕೈಯಲ್ಲೇ ಇದೆ!

ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಮೆಲ್ಲಗೆ ಕೇಳಿಯೇಬಿಟ್ಟೆ. "ಒಂದು ಶೀಶೆ ತಂದುಕೊಡು. ಎಷ್ಟಾದ್ರೂ ಆಗಲಿ, ದುಡ್ಡು ನಾ ಕೊಡ್ತೀನಿ."

ಅವಳು ಮಾತಾಡಲಿಲ್ಲ. ಪಕ್ಕದಲ್ಲೇ ಕೂತು ಫೋನಿನ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದ ಮೊಮ್ಮಗ ಜೋರಾಗಿ ಹೇಳಿದ: "ಅಜ್ಜಾ, ಇದರ ಮ್ಯಾಲೆ ಇಂಗ್ಲಿಷಿನ್ಯಾಗ ಬರದೈತಿ. ಸಂಶೋಧನೆಗೆ ಮಾತ್ರ. ಮನುಷ್ಯರಿಗೆ ಬಳಸಬಾರದು."

ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮೇಷ್ಟ್ರಿಗೆ ಏಳನೇ ತರಗತಿಯ ಹುಡುಗ ಪಾಠ ಹೇಳಿದ.

ಇನ್ನೊಂದು ಸಂಗತಿಯನ್ನೂ ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಮನೆಯಲ್ಲಿ ಯಾರಿಗೂ ಹೇಳದೆ ಬೇರೊಂದು ಊರಿಗೆ ಹೋಗಿ 'ನರಶಕ್ತಿ ಪುಡಿ' ತಂದಿದ್ದೆ. ಎಂಟು ಸಾವಿರ ರೂಪಾಯಿ. ಅದರಲ್ಲಿ ಏನಿದೆ ಎಂದು ಮಾರಿದವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೆಂಡತಿಗೆ ವಾಂತಿ ಶುರುವಾಗಿ ನಾಲ್ಕೇ ದಿನಕ್ಕೆ ಬಿಡಿಸಿದೆವು. ತರಗತಿಯಲ್ಲಿ "ಪ್ರಶ್ನೆ ಕೇಳದೆ ಯಾವುದನ್ನೂ ನಂಬಬೇಡಿ" ಎಂದು ಹೇಳುತ್ತಿದ್ದವನು ನಾನೇ.

ಮಗಳು ಸಿಟ್ಟಾಗಲಿಲ್ಲ. ಒಂದೊಂದಾಗಿ ಬಿಡಿಸಿ ಹೇಳಿದಳು. ಈ ಪ್ರೋಟೀನನ್ನು ನುಂಗಿದರೆ ಬೇಳೆಯ ಪ್ರೋಟೀನಿನಂತೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ರಕ್ತಕ್ಕೆ ಚುಚ್ಚಿದರೂ ಮೆದುಳಿನ ರಕ್ತನಾಳಗಳ ಗೋಡೆ ಕಟ್ಟುನಿಟ್ಟಿನ ಕಾವಲುಗಾರನಂತೆ ಅದನ್ನು ತಡೆಯುತ್ತದೆ. ಡೋಪಮಿನ್ ಕೋಶಗಳನ್ನು ತಟ್ಟೆಯಲ್ಲಿ ಉಳಿಸುವ ಜಿಡಿಎನ್‌ಎಫ್ ಎಂಬ ಪ್ರೋಟೀನನ್ನು 1993ರಲ್ಲಿ ಕಂಡುಹಿಡಿದರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವೈದ್ಯರು ರೋಗಿಗಳ ಮೆದುಳಿಗೆ ಸಣ್ಣ ಕೊಳವೆ ಇಳಿಸಿ ಅದನ್ನು ನೇರವಾಗಿ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಔಷಧವಿಲ್ಲದ ದ್ರವ ಪಡೆದವರಿಗಿಂತ ಇವರಿಗೆ ಸ್ಪಷ್ಟವಾಗಿ ಹೆಚ್ಚು ಗುಣ ಕಾಣಲಿಲ್ಲ.

"ಹಂಗಾದ್ರ ನೀ ಹಬ್ಬ ಬಿಟ್ಟು ಯಾಕ ಅವಕ್ಕ ಊಟ ಹಾಕ್ತೀ?" ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅವ್ವಾ, ಕೋಶ ಯಾಕ ಸಾಯ್ತೈತಿ ಅನ್ನೋದು ಮೊದಲು ತಟ್ಟ್ಯಾಗ ತಿಳೀಬೇಕು. ಆಮೇಲೆ ಮನುಷ್ಯರದು."

ಅವಳು ಎರಡು ಉದಾಹರಣೆ ಕೊಟ್ಟಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಶೋಧಕರು, ಸ್ನಾಯುಗಳನ್ನು ನಡೆಸುವ ನರಗಳು ಸಾಯುವ ಎಎಲ್‌ಎಸ್ ಎಂಬ ರೋಗ ಇದ್ದವರ ಬೆನ್ನುಹುರಿಯ ದ್ರವವನ್ನು ತಟ್ಟೆಯ ಕೋಶಗಳ ಮೇಲೆ ಹಾಕಿದರು. ಕೋಶಗಳು ಸೊರಗಿದವು. ಬಿಡಿಎನ್‌ಎಫ್ ಸೇರಿಸಿದಾಗ ಚೇತರಿಸಿಕೊಂಡವು. ಅದು ಇನ್ನೂ ಔಷಧವಲ್ಲ, ಆದರೆ ದಾರಿಯ ಒಂದು ಗುರುತು. ಎರಡನೆಯದು ರೀಟಾ ಅವರ ಪ್ರೋಟೀನ್. ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯ ನರಗಳು ಹಾಳಾಗಿ ಹುಣ್ಣಾಗುವ ಅಪರೂಪದ ಕಾಯಿಲೆಗೆ ಅದು ಈಗ ಕಣ್ಣಿನ ಹನಿಯಾಗಿದೆ. 2017ರಲ್ಲಿ ಯುರೋಪಿನಲ್ಲಿ, 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಲಗುವ ಕೋಣೆಯ ಸೂಜಿಯಿಂದ ಕಣ್ಣಿನ ಹನಿಯವರೆಗೆ ಎಪ್ಪತ್ತಕ್ಕೂ ಹೆಚ್ಚು ವರ್ಷ.

"ಅಷ್ಟು ವರ್ಷ ನಾ ಇರೂದಿಲ್ಲವ್ವ" ಎಂದಳು ಹೆಂಡತಿ. ಅಳುತ್ತ ಹೇಳಲಿಲ್ಲ. ಲೆಕ್ಕ ಒಪ್ಪಿಸಿದಂತೆ ಹೇಳಿದಳು. ಮಗಳು ಎದ್ದುಹೋಗಿ ಆ ನಡುಗುವ ಕೈ ಹಿಡಿದು ಕೂತಳು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಈಗ ನಾವು ಮಾಡುವುದು ಸಣ್ಣ ಕೆಲಸಗಳು. ವೈದ್ಯರು ಬರೆದ ಮಾತ್ರೆಯನ್ನು ಗಡಿಯಾರ ನೋಡಿ ಕೊಡುವ ಜವಾಬ್ದಾರಿ ಮೊಮ್ಮಗನದು. ಒಂದು ನಿಮಿಷ ಆಚೀಚೆ ಆಗಲು ಬಿಡುವುದಿಲ್ಲ. ಸಂಜೆ ನಾನೂ ಅವಳೂ ತಾರಕೇಶ್ವರ ಗುಡಿಯವರೆಗೆ ನಡೆಯುತ್ತೇವೆ. ಪಾರ್ಕಿನ್ಸನ್ ಇದ್ದವರಿಗೆ ನಡಿಗೆ, ವ್ಯಾಯಾಮ ಒಳ್ಳೆಯದೆಂದು ವೈದ್ಯರೇ ಹೇಳಿದ್ದಾರೆ. ಅವಳ ಹೆಜ್ಜೆ ಕೆಲವೊಮ್ಮೆ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದೆ. ಆಗ ನಾನು "ಒಂದು, ಎರಡು" ಎಂದು ಎಣಿಸುತ್ತೇನೆ. ಮತ್ತೆ ಹೆಜ್ಜೆ ಏಳುತ್ತದೆ. ಗುಡಿಯೊಳಗೆ ಛತ್ತಿನಲ್ಲಿ ಅರಳಿದ ಆ ದೊಡ್ಡ ಕಲ್ಲಿನ ಕಮಲದ ಕೆಳಗೆ ಸ್ವಲ್ಪ ಹೊತ್ತು ಕೂತು ಬರುತ್ತೇವೆ.

ಪ್ರತಿ ಭಾನುವಾರ ಮಗಳ ಫೋನು ಬರುತ್ತದೆ. ಅವಳು "ಹೆಂಗದೀ ಅವ್ವಾ?" ಎಂದು ಕೇಳುವ ಮೊದಲೇ ನನ್ನ ಹೆಂಡತಿ ಕೇಳುತ್ತಾಳೆ:

"ನಿನ್ನ ಜೀವಕೋಶ ಉಂಡಾವೇನ?"