ಶರ್ಟು ತೊಟ್ಟೇ ಮಲಗುವ ಚಿಕ್ಕಪ್ಪ

ಇನ್ನೊಂದು ಕಟ್ಟಿಗೆ ಒಲೆಗೆ ನೂಕಿ, ಹೇಳುತ್ತೇನೆ. ಇದು 2018ರ ಆಗಸ್ಟಿನ ಮಾತು. ಕೊಡಗಿನಲ್ಲಿ ಆ ವರ್ಷ ಹಿಡಿದ ಮಳೆ ಬಿಟ್ಟಿರಲಿಲ್ಲ. ಜುಲೈ 9ರಂದು ನೆಲ ಸಣ್ಣಗೆ ಅಲುಗಿದ್ದನ್ನು ಊರವರು ನಾಲ್ಕು ದಿನ ಆಡಿಕೊಂಡು ಮರೆತಿದ್ದರು. ಮಕ್ಕಂದೂರಿನ ಆಚೆ, ಗುಡ್ಡದ ಮಗ್ಗುಲಲ್ಲಿ ಚಿಕ್ಕಪ್ಪನ ಮನೆ. ಹಿಂದೆ ಕಡಿದಾದ ಮಣ್ಣಿನ ಬರೆ, ಮುಂದೆ ಕಾಫಿ, ಕೆಳಗೆ ಗದ್ದೆ.

ನಮ್ಮ ಕಡೆ ಮಳೆಗೆ ಯಾರೂ ಹೆದರುತ್ತಿರಲಿಲ್ಲ. ಮಳೆಗಾಲದ ಕಕ್ಕಡ ತಿಂಗಳು ಎಂದರೆ ಕಣಿಲೆ, ಏಡಿ ಸಾರು, ಮರಕೆಸದ ಪತ್ರೊಡೆ. ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ. ತೋಟದವರೆಲ್ಲರ ಹಾಗೆ ಚಿಕ್ಕಪ್ಪನಿಗೂ ಮಳೆ ಅಳೆಯುವ ಹುಚ್ಚು. ಬೆಳಿಗ್ಗೆ ಕಾಫಿಗಿಂತ ಮೊದಲು ಅಂಗಳಕ್ಕೆ ಹೋಗಿ, ಎಷ್ಟು ಇಂಚು, ಎಷ್ಟು ಸೆಂಟು ಎಂದು ನೋಡಿ ಡೈರಿಯಲ್ಲಿ ಬರೆದಿಡುತ್ತಿದ್ದ. ಅವನಪ್ಪ ಬರೆದ ಡೈರಿಗಳೂ ಪೆಟ್ಟಿಗೆಯಲ್ಲಿದ್ದವು.

ಆಗಸ್ಟ್ 16ರ ರಾತ್ರಿ ಕರೆಂಟಿಲ್ಲ, ಫೋನಿಲ್ಲ. ನೆಲದ ಅಡಿಯಲ್ಲಿ ಲಾರಿ ಹೋದಂಥ ಸದ್ದು. ಆಮೇಲೆ ವಾಸನೆ. ಅಗೆದ ಮಣ್ಣಿನದು, ಬೇರಿನದು, ಮೂಗಿಗೆ ಬಡಿಯುವಷ್ಟು. ಬರೆ ಬಿರುಕು ಬಿಟ್ಟು ಕೆಸರುನೀರು ಉಕ್ಕುತ್ತಿದ್ದದ್ದು ಟಾರ್ಚಿನ ಬೆಳಕಿನಲ್ಲಿ ಕಂಡಿತು. ಚಿಕ್ಕಪ್ಪ ಕೊಟ್ಟಿಗೆಗೆ ಓಡಿ ದನಗಳ ಹಗ್ಗ ಕೊಯ್ದ. ಚಿಕ್ಕಮ್ಮ ಮೊಮ್ಮಗನನ್ನು ಎತ್ತಿಕೊಂಡಳು. ದಾರಿಯಲ್ಲಿ ನೆರೆಮನೆಯ ಅಜ್ಜನನ್ನು ಕೂಗಿದರು. ‘ನೀವು ನಡೀರಿ, ಬಂದೆ’ ಎಂದ. ಬರಲಿಲ್ಲ. ಬೆಳಕಾಗುವಾಗ ಇವರು ರಸ್ತೆಯ ಹತ್ತಿರ ಒದ್ದೆ ಕೋಳಿಗಳ ಹಾಗೆ ಕುಳಿತಿದ್ದರು. ಹಿಂದೆ ತಿರುಗಿ ನೋಡಿದರೆ ಮನೆಯಿದ್ದ ಜಾಗದಲ್ಲಿ ಕೆಂಪು ಗೀರು. ಆ ವಾರ ಜಿಲ್ಲೆಯಲ್ಲಿ ಸತ್ತವರು ಸುಮಾರು 20 ಮಂದಿ. ಮನೆ ಬಿಟ್ಟವರು ಸಾವಿರಾರು.

ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ನಾನು ಅವರನ್ನು ಕಂಡಾಗ ಚಿಕ್ಕಪ್ಪ ಎಂದಿಗಿಂತ ಹೆಚ್ಚು ಮಾತಾಡುತ್ತಿದ್ದ, ನಗುತ್ತಲೂ ಇದ್ದ. ಕ್ಯಾಮರಾ ಹಿಡಿದು ಬಂದವರಿಗೆಲ್ಲ ಅದೇ ಕಥೆ. ಇವನು ಗಟ್ಟಿ ಎಂದುಕೊಂಡೆವು. ಅಲ್ಲಿಗೆ ಬಂದಿದ್ದ ಒಬ್ಬ ಆಪ್ತ ಸಲಹೆಗಾರ್ತಿ ಮಾತ್ರ ‘ಏನಾಯಿತು’ ಎಂದು ಯಾರನ್ನೂ ಕೇಳಲಿಲ್ಲ. ಒಬ್ಬರಿಗೆ ಚಾರ್ಜರ್ ಹುಡುಕಿಕೊಟ್ಟಳು, ಇನ್ನೊಬ್ಬರ ರಕ್ತದೊತ್ತಡದ ಮಾತ್ರೆ ತರಿಸಿದಳು, ಯಾರ ಮನೆಯವರು ಯಾವ ಕೇಂದ್ರದಲ್ಲಿದ್ದಾರೆ ಎಂದು ಪತ್ತೆ ಮಾಡಿದಳು. ಇದೆಂಥ ಮನಶ್ಶಾಸ್ತ್ರ ಎಂದು ನಾವು ನಕ್ಕೆವು. ದುರಂತದಲ್ಲಿ ನೆರವಾಗುವವರಿಗೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಹೇಳುವುದೂ ಅದನ್ನೇ: ಮೊದಲು ಸುರಕ್ಷತೆ, ಅಗತ್ಯದ ವಸ್ತು, ತನ್ನವರ ಸಂಪರ್ಕ, ಒತ್ತಾಯ ಮಾಡಿ ಕಥೆ ಹೇಳಿಸಬೇಡಿ. ಕ್ಯಾಮರಾದವರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ನಿಜವಾದ ಕಷ್ಟ ಬಂದದ್ದು ಎಲ್ಲರೂ ಹೊರಟುಹೋದ ಮೇಲೆ. ಮರುವರ್ಷ ಜೂನಿನಲ್ಲಿ, ಸಮತಟ್ಟು ಜಾಗದ ಬಾಡಿಗೆ ಮನೆಯಲ್ಲಿ, ಚಿಕ್ಕಪ್ಪ ಪ್ಯಾಂಟು ಶರ್ಟು ತೊಟ್ಟೇ ಮಲಗತೊಡಗಿದ. ತಲೆಯ ಹತ್ತಿರ ಟಾರ್ಚು, ಬೂಟು, ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್ ಮತ್ತು ಪಹಣಿ. ನಡುರಾತ್ರಿ ಎದ್ದು ಗೋಡೆ ಮುಟ್ಟಿ ನೋಡುವುದು. ಪಕ್ಕದ ಸೈಟಿನಲ್ಲಿ ಜೆಸಿಬಿ ಮಣ್ಣು ಅಗೆದರೆ ಆ ವಾಸನೆಗೆ ಬೆವೆತು ಹೊರಗೋಡುತ್ತಿದ್ದ. ಮಳೆ ಅಳೆಯುವುದು ನಿಂತಿತ್ತು. ಎದೆ ಹಿಡಿದ ಹಾಗಾಗುತ್ತದೆ ಎಂದು ಒಂದು ಆಸ್ಪತ್ರೆಗೆ ಹೋದರೆ ಇಸಿಜಿ ಸರಿಯಿದೆ ಎಂದು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಚಿಕ್ಕಮ್ಮನದು ಬೇರೆ ತರಹ. ಆ ರಾತ್ರಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡಿದ್ದ ಹೆಗಲು ಮಾತ್ರ ನೋಯುತ್ತಲೇ ಇತ್ತು. ಮೊಮ್ಮಗ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಹಗಲಲ್ಲಿ ಮರಳು ಗುಡ್ಡೆ ಹಾಕಿ, ಮೇಲೊಂದು ಬೆಂಕಿಪೊಟ್ಟಣ ಇಟ್ಟು, ನೀರು ಹೊಯ್ದು ಕೆಡವುವುದು. ಮತ್ತೆ ಕಟ್ಟುವುದು, ಮತ್ತೆ ಕೆಡವುವುದು.

ಮಡಿಕೇರಿಯ ಮನೋವೈದ್ಯರೊಬ್ಬರು ಆಮೇಲೆ ಬಿಡಿಸಿ ಹೇಳಿದರು. ಮಿದುಳಿನಲ್ಲಿ ಅಮಿಗ್ಡಲಾ ಎಂಬ ಸಣ್ಣ ಭಾಗ ಅಪಾಯವನ್ನು ಗುರುತಿಸುತ್ತದೆ. ಅದು ಎಚ್ಚರಿಸಿದರೆ ಅಡ್ರಿನಲಿನ್ ನುಗ್ಗುತ್ತದೆ, ಎದೆ ಬಡಿಯುತ್ತದೆ, ಸ್ನಾಯು ಬಿಗಿಯುತ್ತದೆ. ಆ ರಾತ್ರಿ ಅವರು ಬದುಕಿದ್ದು ಅದರಿಂದಲೇ. ಈಗ ಅದೇ ಎಚ್ಚರ ಮಳೆಯ ಸದ್ದಿಗೂ ಮಣ್ಣಿನ ವಾಸನೆಗೂ ಏಳುತ್ತಿದೆ; ‘ಅದು ಮುಗಿದುಹೋದ ಸಂಗತಿ’ ಎಂಬುದು ದೇಹಕ್ಕೆ ತಲುಪಿಲ್ಲ. ತಿಂಗಳು ಮೀರಿ ಹೀಗೆಯೇ ಉಳಿದು ದಿನದ ಬದುಕು ಕೆಟ್ಟರೆ ಪಿಟಿಎಸ್‌ಡಿ ಎನ್ನುತ್ತಾರೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರನ್ನು ನೋಡಿ ನೋಡಿ 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ರೋಗಪಟ್ಟಿಯ ಪುಸ್ತಕಕ್ಕೆ ಸೇರಿಸಿದ ಹೆಸರು. ದುರಂತ ಕಂಡವರಲ್ಲಿ ಹೆಚ್ಚಿನವರು ಕಾಲಕ್ರಮೇಣ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಉಳಿದವರು ಅಂಜುಬುರುಕರಲ್ಲ.

ಆದರೆ ನನ್ನನ್ನು ಕೇಳಿದರೆ ಅರ್ಧ ಕಾಯಿಲೆ ತಲೆಯೊಳಗಿರಲಿಲ್ಲ, ಊರಿನಲ್ಲಿತ್ತು. ಗುಡ್ಡದ ಮೇಲೆ ಮುಯ್ಯಾಳಿಗೆ ಕೂಗಿದರೆ ಓಡಿ ಬರುತ್ತಿದ್ದವರು ಜಂಬೂರು, ಕರ್ಣಂಗೇರಿ, ಮದೆನಾಡು ಎಂದು ಚದುರಿಹೋದರು. ಅಲ್ಲಿನ ಪುನರ್ವಸತಿಯ ಹೊಸ ಮನೆಗಳು ಸಾಲಾಗಿ, ಚೆಂದಾಗಿವೆ, ಸುಳ್ಳು ಹೇಳಬಾರದು. ಆದರೆ ಎಕರೆಗಟ್ಟಲೆ ತೋಟ ನೋಡಿಕೊಂಡಿದ್ದವನು ಎರಡು ಕೋಣೆಯಲ್ಲಿ ಹಗಲೆಲ್ಲ ಏನು ಮಾಡಬೇಕು? ಕುಡಿಯದವರು ಕುಡಿಯತೊಡಗಿದರು. ನೆಂಟರು ಬಂದು ‘ಮನಸ್ಸು ಗಟ್ಟಿ ಮಾಡ್ಕೋ, ಜೀವ ಉಳಿಯಿತಲ್ಲ’ ಎನ್ನುತ್ತಿದ್ದರು. ಜೀವ ಉಳಿದದ್ದೇ ಅವನಿಗೆ ಚುಚ್ಚುತ್ತಿತ್ತು. ಅಜ್ಜನ ಕೈ ಹಿಡಿದು ಎಳೆಯಬೇಕಿತ್ತು ಎಂಬ ಮಾತು ಅವನ ಬಾಯಿಂದ ಬರಲು ವರ್ಷಗಳೇ ಹಿಡಿದವು. ಮನೆಗೆ, ತೋಟಕ್ಕೆ ಪರಿಹಾರದ ಅರ್ಜಿಯಲ್ಲಿ ಕಲಂ ಇತ್ತು. ಇದನ್ನು ಯಾವ ಕಲಮಿನಲ್ಲಿ ಬರೆಯುವುದು?

ಗಾಯದ ಮೇಲೆ ಬರೆ ಎಳೆದ ಹಾಗೆ ಮಳೆಗಾಲಗಳೂ ಸುಮ್ಮನಿರಲಿಲ್ಲ. 2019ರಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಜಾರಿತು, 2020ರಲ್ಲಿ ತಲಕಾವೇರಿಯ ಬೆಟ್ಟ. 2024ರ ಜುಲೈ 30ರಂದು ಪಕ್ಕದ ವಯನಾಡಿನ ಚೂರಲ್‌ಮಲೆ ಕೊಚ್ಚಿಹೋದ ದಿನ ಚಿಕ್ಕಪ್ಪ ಟಿವಿಯ ವೈರನ್ನೇ ಕಿತ್ತ.

ಚಿಕಿತ್ಸೆ ಎಂದರೆ ಪವಾಡವೇನಲ್ಲ. ನಿದ್ದೆಗೆ, ಆತಂಕಕ್ಕೆ ಕೆಲವು ಕಾಲ ಮಾತ್ರೆ. ಅದರ ಜೊತೆ, ತಪ್ಪಿಸಿಕೊಳ್ಳುತ್ತಿದ್ದದ್ದನ್ನು ಸ್ವಲ್ಪ ಸ್ವಲ್ಪವೇ ಎದುರಿಸುವುದು. ಮೊದಲು ಆ ರಾತ್ರಿಯನ್ನು ವೈದ್ಯರ ಮುಂದೆ ಆದಿಯಿಂದ ಹೇಳುವುದು. ಆಮೇಲೆ ಕಿಟಕಿ ತೆರೆದು ಮಳೆ ಕೇಳುತ್ತ ಕೂರುವುದು. ಬಹಳ ತಿಂಗಳ ಮೇಲೆ, ಬೇಸಿಗೆಯ ಒಂದು ಮಧ್ಯಾಹ್ನ, ಜಾರಿದ ಜಾಗಕ್ಕೇ ಹೋಗುವುದು. ನಾನೂ ಜೊತೆಗಿದ್ದೆ. ಅಲ್ಲಿ ಗಿಡಗಂಟಿ ಬೆಳೆದಿತ್ತು. ಚಿಕ್ಕಪ್ಪ ಅಜ್ಜನ ಹೆಸರು ಹೇಳಿ ಒಂದಿಷ್ಟು ಹೊತ್ತು ಅತ್ತು, ಇಳಿಯುವಾಗ ಮೆಣಸಿನ ರೇಟು ಕೇಳಿದ. ಚಿಕ್ಕಮ್ಮ ವೈದ್ಯರ ಬಳಿಗೆ ಇನ್ನೂ ಹೋಗಿಲ್ಲ. ‘ನಂಗೆಂಥ ಆಗಿದೆ’ ಎನ್ನುತ್ತಾಳೆ, ಹೆಗಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾಳೆ. ಚಿಕ್ಕಪ್ಪ ಈಗಲೂ ಜೋರು ಮಳೆಯ ರಾತ್ರಿ ಶರ್ಟು ಬಿಚ್ಚುವುದಿಲ್ಲ. ನಿದ್ದೆಯಂತೂ ಮಾಡುತ್ತಾನೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ‘ಗಟ್ಟಿಯಾಗು’ ಎನ್ನಬೇಡಿ. ಟೆಲಿಮಾನಸ್ ಸಹಾಯವಾಣಿಯ ನಂಬರು 14416. ದುಡ್ಡಿಲ್ಲ, ಹಗಲು ರಾತ್ರಿ ಎನ್ನದೆ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.