ಬಿಳಿಗೆರೆಯ ಜೀಪು

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ಯಾತ್ರಿಕರು ಬಹುಮಟ್ಟಿಗೆ ನಂಜನಗೂಡಿನಲ್ಲಿಯೇ ನಿಂತುಬಿಡುವರು. ಕಪಿಲೆಯಲ್ಲಿ ಮಿಂದು, ಶ್ರೀಕಂಠೇಶ್ವರನ ದರ್ಶನ ಮಾಡಿ, 1735ರಲ್ಲಿ ಕಟ್ಟಿದ ಹಳೆಯ ಕಲ್ಲುಸೇತುವೆಯನ್ನು ನೋಡಿ, ಸಿಕ್ಕಿದರೆ ಒಂದು ಚಿಪ್ಪು ರಸಬಾಳೆಯನ್ನು ಕೊಂಡು ಹಿಂದಿರುಗುವುದು ವಾಡಿಕೆ. ಅಲ್ಲಿಂದ ಮೂಡಲಿಗೆ, ತಿರುಮಕೂಡಲು ನರಸೀಪುರದ ಕಡೆಗೆ ಹಬ್ಬಿರುವ ಹಳ್ಳಿಗಾಡನ್ನು ನಿಧಾನವಾಗಿ ನೋಡಿದವರು ಕಡಮೆ. ಬಿಳಿಗೆರೆಯು ಆ ಸೀಮೆಯ ಹೋಬಳಿಯ ಊರು. ಜಾತ್ರೆಗೂ ಮಠಕ್ಕೂ ಹೆಸರಾದ ಸುತ್ತೂರು ಇದಕ್ಕೆ ದೂರವಲ್ಲ. ಗದ್ದೆ, ತೆಂಗು, ಬಾಳೆ, ಅಲ್ಲಲ್ಲಿ ಹೊಂಗೆಯ ನೆರಳು. ನೀರು ಹರಿಯುವ ಸದ್ದೂ ಹಕ್ಕಿಗಳ ಉಲಿಯೂ ಇನ್ನೂ ಕಿವಿಗೆ ಬೀಳುವ ನೆಲವಿದು.

ಇಂತಹ ನೆಲದಲ್ಲಿ ನಾವು ಸಂಚರಿಸಿದುದು ಮಿತ್ರರೊಬ್ಬರ ಜೀಪಿನಲ್ಲಿ. ಅವರು ಬಿಳಿಗೆರೆಯ ಸಮೀಪದ ಹಳ್ಳಿಯೊಂದರ ಒಕ್ಕಲು ಮನೆತನದವರು. ಗಾಡಿಯು ಸೈನ್ಯದ ಮಾದರಿಯದು, ಹಳೆಯದು. ಡೀಸೆಲ್ ಎಂಜಿನು, ಮೇಲೆ ಕ್ಯಾನ್ವಾಸಿನ ಹೊದಿಕೆ, ಕೆಳಗೆ ಬರಿಯ ತಗಡು. ಗೊಬ್ಬರದ ಮೂಟೆ, ಬಾಳೆಯ ಗೊನೆ, ಹೆರಿಗೆಗೆ ಬಂದ ಹೆಣ್ಣುಮಗಳು, ಮದುವೆಯ ನೆಂಟರು, ಎಲ್ಲರನ್ನೂ ಎಲ್ಲವನ್ನೂ ಅದು ಹೊತ್ತಿದೆ. ಮೊದಲನೆಯ ಸಲ ನಂಜನಗೂಡಿನ ಪೇಟೆಯಿಂದ ಹೊರಟು ಬಿಳಿಗೆರೆಯನ್ನು ಸೇರುವವರೆಗೆ ಆ ಮಿತ್ರರು ದಾರಿಯ ಎರಡು ಕಡೆಗಳನ್ನೂ ತೋರಿಸುತ್ತ ವಿವರಿಸುತ್ತಲೇ ಇದ್ದರು. ಅವರ ತುಟಿಯ ಚಲನೆಯೂ ಕೈಸನ್ನೆಯೂ ನಮಗೆ ಕಂಡುವೇ ಹೊರತು ಮಾತು ಒಂದಾದರೂ ಕೇಳಿಸಲಿಲ್ಲ.

ಇದು ಆ ಜಾತಿಯ ಗಾಡಿಗೆ ಹುಟ್ಟುಗುಣ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಕಟ್ಟಿದುವು. 1947ರಲ್ಲಿ ಮಹೀಂದ್ರಾ ಸಂಸ್ಥೆಯವರು ಮುಂಬಯಿಯಲ್ಲಿ ಅವುಗಳ ಜೋಡಣೆಗೆ ತೊಡಗಿದರು. ಜಬಲ್‌ಪುರದಲ್ಲಿ ನಮ್ಮ ಸೈನ್ಯಕ್ಕಾಗಿ ತಯಾರಾಗುತ್ತಿದ್ದ ಜೋಂಗಾ ಗಾಡಿಗಳು 1999ರಲ್ಲಿ ನಿಂತುಹೋದುವು. ಸೇವೆ ಮುಗಿಸಿದ ಎಷ್ಟೋ ಗಾಡಿಗಳು ಹರಾಜಿನಲ್ಲಿ ಗೃಹಸ್ಥರ ಮನೆಗಳನ್ನು ಸೇರಿವೆ. ಇವುಗಳನ್ನು ಕಟ್ಟಿದವರು ಗುಡ್ಡ ಹತ್ತುವುದನ್ನೂ ಹೊಳೆ ದಾಟುವುದನ್ನೂ ಬೇಗ ರಿಪೇರಿಯಾಗುವುದನ್ನೂ ಯೋಚಿಸಿದರು. ಒಳಗೆ ಕುಳಿತವರ ಸಂಭಾಷಣೆಯನ್ನು ಯೋಚಿಸಲಿಲ್ಲ. ಚಪ್ಪಟೆಯಾದ ತಗಡು ತಮಟೆಯ ಚರ್ಮದಂತೆ ಕಂಪಿಸುವುದು. ನಾಲ್ಕು ಚಕ್ರಗಳಿಗೂ ಬಲವನ್ನು ಹಂಚುವ ಹೆಚ್ಚಿನ ಗೇರುಪೆಟ್ಟಿಗೆಯು ಕೊರೆಯುವುದು. ದಪ್ಪ ಹಲ್ಲಿನ ಟೈರು ಗುಂಯ್‌ಗುಡುವುದು. ಕ್ಯಾನ್ವಾಸು ಗಾಳಿಗೆ ಪಟಪಟನೆ ಬಡಿಯುವುದು.

ಮುವ್ವತ್ತು ವರ್ಷ ಈ ಸದ್ದಿನೊಡನೆ ಬಾಳಿದ ಮಿತ್ರರಿಗೆ ಇತ್ತೀಚೆಗೆ ರಾತ್ರಿಯ ವೇಳೆ ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತಿತ್ತು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿದರು. ಸದ್ದು ಹೊಗದಂತೆ ಕಟ್ಟಿದ ಕೋಣೆಯಲ್ಲಿ ಕುಳ್ಳಿರಿಸಿ ನೋಡಿದಾಗ ಕೀಚು ಸ್ವರಗಳನ್ನು ಕೇಳುವ ಶಕ್ತಿ ಬಹಳ ಕುಗ್ಗಿರುವುದು ತಿಳಿಯಿತು. ಜೀಪೊಂದೇ ಕಾರಣವೆಂದು ಯಾರೂ ಹೇಳಲಿಲ್ಲ. ಟ್ರಾಕ್ಟರು, ಪಂಪು, ವಯಸ್ಸು ಇವುಗಳೂ ಪಾಲುದಾರರೇ. ನಮ್ಮ ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮವಾದ ರೋಮಕೋಶಗಳು ಕಿವಿಯೊಂದಕ್ಕೆ ಸುಮಾರು 15,000 ಇರುತ್ತವೆ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಸಹಿಸಬಾರದೆಂದೂ, ಅದರ ಮೇಲೆ ಮೂರು ಡೆಸಿಬಲ್ ಏರಿದಾಗಲೆಲ್ಲ ಕಾಲವನ್ನು ಅರ್ಧಕ್ಕೆ ಇಳಿಸಬೇಕೆಂದೂ ತಜ್ಞರು ಲೆಕ್ಕ ಹಾಕುವರು.

ಮಿತ್ರರು ತಮ್ಮ ಕಿವಿಗಾಗಿ ಅಷ್ಟೇನೂ ಮರುಗಲಿಲ್ಲ. ಆದರೆ ಅವರ ಮೊಮ್ಮಗಳು ದಿನವೂ ಅದೇ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ಶಾಲೆಗೆ ಹೋಗಿಬರುವಳು. ಆ ವಿಚಾರ ಹೊಳೆದ ವಾರದಲ್ಲಿಯೇ ಗಾಡಿ ಮನೆಯ ಮುಂದಣ ಹೊಂಗೆಯ ಮರದಡಿಯಲ್ಲಿ ನಿಂತಿತು. ಪೇಟೆಯಿಂದ ಮೇಸ್ತ್ರಿ ಬಂದರು.

ದಪ್ಪನಾದ ಬಟ್ಟೆಯನ್ನೋ ಹತ್ತಿಯನ್ನೋ ತುಂಬಿಬಿಟ್ಟರೆ ಸದ್ದು ನಿಲ್ಲುವುದೆಂದು ನಾವೆಲ್ಲ ತಿಳಿದಿದ್ದೆವು. ಮೇಸ್ತ್ರಿಯ ಕ್ರಮವೇ ಬೇರೆ. ಮೊದಲು ಸಡಿಲವಾದ ಬೋಲ್ಟುಗಳನ್ನು ಬಿಗಿದು, ಸವೆದ ರಬ್ಬರುಗಳನ್ನು ತೆಗೆದು ಹೊಸತು ಹಾಕಿ, ಸೈಲೆನ್ಸರಿನ ಸೋರುವ ಕೀಲನ್ನು ಸರಿಮಾಡಿದರು. ಕತ್ತಲಾದ ಮೇಲೆ ಎಂಜಿನಿನ ಕಡೆ ದೀಪ ಹಿಡಿಸಿ ತಾವು ಒಳಗೆ ಕುಳಿತು ನೋಡಿದರು. ಪೆಡಲುಗಳ ಸುತ್ತ, ಸ್ಟಿಯರಿಂಗ್ ಕಂಬದ ಬುಡದಲ್ಲಿ, ಗೇರುಕಡ್ಡಿಯ ಹರಿದ ರಬ್ಬರಿನಲ್ಲಿ ಬೆಳಕು ಇಣಕಿತು. “ಬೆಳಕು ಬಂದ ಕಡೆ ಗಲಾಟೇನೂ ಬರ್ತದೆ, ಸ್ವಾಮಿ” ಎಂದರು. ಮಾತು ಶಾಸ್ತ್ರಕ್ಕೆ ಒಪ್ಪುವಂಥದು. ನೂರರಲ್ಲಿ ಒಂದು ಪಾಲು ತೂತಿರುವ ಗೋಡೆಯು ಎಷ್ಟೇ ದಪ್ಪವಿದ್ದರೂ 20 ಡೆಸಿಬಲ್‌ಗಿಂತ ಹೆಚ್ಚಾಗಿ ಸದ್ದನ್ನು ತಡೆಯಲಾರದು.

ತೂತುಗಳು ಮುಚ್ಚಿದ ಮೇಲೆ ತಗಡಿನ ಸರದಿ. ತುಕ್ಕನ್ನು ಕೆರೆದು, ಬಣ್ಣ ಬಳಿದು, ಒಣಗಿದ ಮೇಲೆ ಬೆರಳಗೆಣ್ಣಿನಿಂದ ಎಲ್ಲ ಕಡೆಯೂ ತಟ್ಟಿ ನೋಡಿದರು. ಠಣ್ಣೆಂದ ಜಾಗಕ್ಕೆ ಡಾಂಬರಿನ ಜಾತಿಯ ಅಂಟುಹಾಳೆಯನ್ನು ಒತ್ತಿದರು. ದೊಪ್ಪೆಂದ ಜಾಗವನ್ನು ಹಾಗೆಯೇ ಬಿಟ್ಟರು. ತಗಡನ್ನೆಲ್ಲ ಮುಚ್ಚಬೇಕಾಗಿಲ್ಲ, ಕಂಪಿಸುವ ನಡುಭಾಗಕ್ಕೆ ಹಚ್ಚಿದರೆ ಸಾಕು. ಅದರ ಮೇಲೆ ನೀರು ಕುಡಿಯದ, ಬೇಗ ಬೆಂಕಿ ಹಿಡಿಯದ ಫೋಮು. ಅದರ ಮೇಲೆ ಭಾರವಾದ ರಬ್ಬರು. ಹೊರಗಿನ ಸದ್ದನ್ನು ತಡೆಯುವುದು ಭಾರದ ಕೆಲಸ, ಒಳಗೆ ಬಂದುದನ್ನು ಹೀರುವುದು ನಾರಿನ ಕೆಲಸ; ಒಂದರ ಕೆಲಸವನ್ನು ಮತ್ತೊಂದು ಮಾಡಲಾರದು.

ನಾರಿನ ವಿಚಾರದಲ್ಲಿ ಮನೆಯ ಹಿರಿಯಾಕೆ ತಮ್ಮ ಕರಿಯ ಕಂಬಳಿಯನ್ನು ತಂದುಕೊಟ್ಟರು. ಉಣ್ಣೆ ಸದ್ದನ್ನು ಹೀರುವುದು ನಿಜ. ಆದರೆ ನೀರನ್ನೂ ಹೀರಿ ಇಟ್ಟುಕೊಳ್ಳುವುದು. ನೆಲಕ್ಕೆ ಹಾಸಿದ್ದರೆ ಒಂದು ಮಳೆಗಾಲದಲ್ಲಿ ತಗಡು ತುಕ್ಕು ತಿನ್ನುತ್ತಿತ್ತು; ಬಿಸಿಯಾದ ಹೊಗೆಕೊಳವೆಯ ಬಳಿ ಇಟ್ಟಿದ್ದರೆ ಅಪಾಯವಾಗುತ್ತಿತ್ತು. ಆಕೆಯ ಮನಸ್ಸು ನೋಯದಂತೆ ಅದನ್ನು ಒಣಗಿರುವ ಕಡೆ, ಹೊದಿಕೆಯ ಒಳಮೈಗೆ ಹೊಲಿಸಿದರು. ನೆಲಕ್ಕೆ ತೆಂಗಿನ ನಾರಿನ ಚಾಪೆ ಬಂದಿತು. ಅದನ್ನು ಎತ್ತಿ ಬಿಸಿಲಿಗೆ ಹಾಕಬಹುದು. ನೀರು ಇಳಿದುಹೋಗಲು ನೆಲದಲ್ಲಿದ್ದ ತೂತುಗಳ ಬಿರಡೆಗಳನ್ನು ಮಾತ್ರ ಮೇಸ್ತ್ರಿ ಯಾವುದರಿಂದಲೂ ಮುಚ್ಚಗೊಡಲಿಲ್ಲ.

ಎರಡನೆಯ ಸಲ ನಾವು ಅದೇ ಗಾಡಿಯಲ್ಲಿ ತಿರುಮಕೂಡಲಿನವರೆಗೆ ಹೋದೆವು. ಅಳೆಯುವ ಯಂತ್ರವಾಗಿ ಮೊಮ್ಮಗಳೇ ಹಿಂದೆ ಕುಳಿತು ಹದಿಮೂರರ ಮಗ್ಗಿ ಹೇಳುತ್ತಿದ್ದಳು. ಮೂರನೆಯ ಗೇರಿನವರೆಗೆ ಸ್ಪಷ್ಟವಾಗಿ ಕೇಳಿಸಿತು. ನಾಲ್ಕನೆಯದರಲ್ಲಿ ವೇಗ ಏರಿದಾಗ ಮಗ್ಗಿಯ ನಡುವಣ ಸಾಲುಗಳು ಗಾಳಿಯ ಪಾಲಾದುವು. ಕ್ಯಾನ್ವಾಸಿನ ಗಾಡಿಯಿಂದ ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸಲಾಗದು. ಹಿಂದಿನ ವಾಹನದ ಹಾರನ್ನು ಮೊದಲಿಗಿಂತ ಚೆನ್ನಾಗಿ ಕೇಳಿಸಿತು. ಮತ್ತೊಂದು ಲಾಭ ಯಾರೂ ಎಣಿಸದುದು: ಇಷ್ಟು ದಿನ ಗದ್ದಲದಲ್ಲಿ ಅಡಗಿದ್ದ ಹಿಂಬದಿಯ ಎಡಚಕ್ರದ ಗೊರಗೊರ ಶಬ್ದ ಹೊರಬಿದ್ದಿತು. ಬಿಚ್ಚಿ ನೋಡಿದಾಗ ಬೇರಿಂಗು ಸವೆದುಹೋಗಿತ್ತು.

ಮನೆಯೊಳಗೆ ಮಿಕ್ಸರು, ಹೊಲದಲ್ಲಿ ಪಂಪು, ಬೀದಿಯಲ್ಲಿ ಧ್ವನಿವರ್ಧಕ. ಸದ್ದನ್ನು ಸಹಿಸುವುದೇ ಶಕ್ತಿಯ ಗುರುತೆಂದು ಭಾವಿಸುವ ಗೃಹಸ್ಥರು ನಮ್ಮಲ್ಲಿ ಅನೇಕರುಂಟು. ಕಿವಿಯಾದರೋ ಒಗ್ಗಿಕೊಳ್ಳುವುದಿಲ್ಲ, ದೂರದೆ ಸವೆಯುತ್ತದೆ. ಬಿಗಿಯಬೇಕಾದುದನ್ನು ಬಿಗಿದು, ಮುಚ್ಚಬೇಕಾದುದನ್ನು ಮುಚ್ಚಿ, ಆಮೇಲೆ ಹಾಸಬೇಕಾದುದನ್ನು ಹಾಸುವ ಆ ಮೇಸ್ತ್ರಿಯ ಕ್ರಮವು ಜೀಪಿಗೆ ಮಾತ್ರವಲ್ಲದೆ ಗದ್ದಲದ ಯಾವ ಯಂತ್ರಕ್ಕೂ ಸಲ್ಲುವುದು. ಸಂಗಮದ ಮೆಟ್ಟಿಲ ಮೇಲೆ ಕುಳಿತಿದ್ದಾಗ ಹುಡುಗಿ ಮರದ ಕಡೆ ಬೆರಳು ತೋರಿಸಿ, “ತಾತ, ಅದ್ಯಾವ ಹಕ್ಕಿ ಕೂಗ್ತಿರೋದು?” ಎಂದು ಕೇಳಿದಳು. ತಾತನಿಗೆ ಆ ಸಣ್ಣ ದನಿ ಕೇಳಿಸಲಿಲ್ಲ. “ಹೆಂಗೆ ಕೂಗ್ತದೆ, ನೀನೇ ಕೂಗಿ ತೋರ್ಸು” ಎಂದರು. ಅವಳು ಕೂಗಿ ತೋರಿಸಿದಳು.